ಮಗ್ಗುಲು ಬದಲಿಸುವ ಊರು

ಒಂದು ಕಡೆ ಕೆರೆ, ಇನ್ನೊಂದು ಕಡೆ ಸೇತುವೆ, ನಡುವೆ ಗಂಟೆಯ ಗೋಪುರ. ಊರು ಇಷ್ಟೇ. ಆ ಊರಿಗೆ ಇದ್ದ ನಿಯಮವೂ ಒಂದೇ: ಗಂಟೆ ಬಾರಿಸಿದಾಗ ಎಲ್ಲವೂ ಮಗ್ಗುಲು ಬದಲಿಸಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಗಂಟೆ ಬಾರಿಸುತ್ತಿತ್ತು. ಬಾರಿಸಿದ ಕೂಡಲೇ ಚಾಪೆಯನ್ನು ತಿರುವಿ ಹಾಸುತ್ತಿದ್ದರು. ಎಡ ಸೊಂಟದ ಕೊಡ ಬಲ ಸೊಂಟಕ್ಕೆ ಹೋಗುತ್ತಿತ್ತು. ಅಂಗಡಿಯವನು ಎದ್ದು ಹೊರಗೆ ಬಂದು ಗಿರಾಕಿಯಾಗುತ್ತಿದ್ದ, ಗಿರಾಕಿ ಒಳಗೆ ಹೋಗಿ ತಕ್ಕಡಿ ಹಿಡಿಯುತ್ತಿದ್ದ. ನ್ಯಾಯ ಹೇಳುವವನು ಕಟ್ಟೆಯಿಂದ ಇಳಿದು ಕೈಕಟ್ಟಿ ನಿಲ್ಲುತ್ತಿದ್ದ, ಕೈಕಟ್ಟಿ ನಿಂತವನು ಕಟ್ಟೆ ಹತ್ತುತ್ತಿದ್ದ. ಒಂದೇ ಮಗ್ಗುಲಲ್ಲಿ ಉಳಿದದ್ದು ಅಲ್ಲೇ ಅಂಟಿಕೊಂಡುಬಿಡುತ್ತದೆ ಎಂಬುದು ಅವರ ನಂಬಿಕೆ. ನಂಬಿಕೆ ಸುಳ್ಳಾಗಿರಲಿಲ್ಲ. ಆ ಊರಿನಲ್ಲಿ ತೂಕದಲ್ಲಿ ಮೋಸವಿರಲಿಲ್ಲ, ಏಕೆಂದರೆ ತೂಗಿದವನೇ ಸ್ವಲ್ಪ ಹೊತ್ತಿನಲ್ಲಿ ಕೊಳ್ಳಬೇಕಾಗಿತ್ತು. ಶಿಕ್ಷೆಯಲ್ಲಿ ಕ್ರೌರ್ಯವಿರಲಿಲ್ಲ. ಅದರ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಆ ಊರಿನ ಒಂದು ಮನೆಯಲ್ಲಿ ಇಬ್ಬರು ಹೆಂಗಸರಿದ್ದರು, ಅತ್ತೆ ಮತ್ತು ಸೊಸೆ. ಆದರೆ ಹಾಗೆ ಕರೆದರೆ ಗೊಂದಲವಾಗುತ್ತದೆ. ಗಂಟೆ ಬಾರಿಸಿದಾಗ ಅತ್ತೆ ಸೊಸೆಯಾಗುತ್ತಿದ್ದಳು, ಸೊಸೆ ಅತ್ತೆಯಾಗುತ್ತಿದ್ದಳು. ಆದ್ದರಿಂದ ನಾನು ಅವರನ್ನು ಹಿರಿಯಾಕೆ, ಕಿರಿಯಾಕೆ ಎನ್ನುತ್ತೇನೆ. ವಯಸ್ಸು ಮಾತ್ರ ಗಂಟೆಗೆ ಬದಲಾಗುತ್ತಿರಲಿಲ್ಲ. ಕಿರಿಯಾಕೆಯ ಗಂಡ ಹಂಚಿನ ಭಟ್ಟಿಯಲ್ಲಿ ಒಂದು ಹೊತ್ತು ಆಳು, ಒಂದು ಹೊತ್ತು ಯಜಮಾನ. ಅವನು ಮನೆಗೆ ಬರುತ್ತಿದ್ದದ್ದು ಊಟಕ್ಕೆ ಮತ್ತು ನಿದ್ದೆಗೆ. ಈ ಕಥೆಯಲ್ಲಿ ಅವನಿಗೆ ಅದಕ್ಕಿಂತ ಹೆಚ್ಚು ಕೆಲಸವಿಲ್ಲ.

ದಿನ ಬಿಟ್ಟು ದಿನ ಮಧ್ಯಾಹ್ನದ ಗಂಟೆ ಬಾರಿಸಿತೆಂದರೆ ಹಿರಿಯಾಕೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಬರುತ್ತಿದ್ದಳು.

"ಅತ್ತೆ, ಸಾರಿಗೆ ಏನು ಹಾಕಲಿ?"

ಕಿರಿಯಾಕೆ ಜಗಲಿಯಿಂದ ಕೂಗುತ್ತಿದ್ದಳು. "ಅದನ್ನೂ ನನ್ನೇ ಕೇಳ್ಬೇಕಾ? ನಿಮ್ಮಮ್ಮ ಏನೂ ಕಲಿಸಿ ಕಳಿಸ್ಲಿಲ್ವಾ?"

"ನಮ್ಮಮ್ಮನ ಸುದ್ದಿಗೆ ಹೋಗ್ಬೇಡಿ. ಸಂಜೆ ಗಂಟೆ ಆಗ್ಲಿ, ನಿಮ್ಮಮ್ಮನ ಸುದ್ದಿಗೆ ನಾನು ಹೋಗ್ತೀನಿ."

ಹೀಗೆ ಹೇಳಿ ಇಬ್ಬರೂ ನಗುತ್ತಿದ್ದರು. ಅತ್ತೆಯ ಮಾತು ಎಷ್ಟು ಚುಚ್ಚುತ್ತದೆ, ಸೊಸೆಯ ಮೌನ ಎಷ್ಟು ಉರಿಸುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದ ನಗು ಸುಲಭವಾಗಿತ್ತು.

ಈಗ ಹಕ್ಕಿಗಳ ವಿಷಯ. ಆ ಊರಿನ ಕೋಳಿಗಳು ಕಾವಿಗೆ ಕೂರುತ್ತಿರಲಿಲ್ಲ, ಬಾತುಗಳೂ ಕೂರುತ್ತಿರಲಿಲ್ಲ. ಕೂರಲು ಬಿಟ್ಟರೆ ತಾನೇ? ಗಂಟೆ ಬಾರಿಸಿದಾಗ ಅವುಗಳನ್ನೂ ಎತ್ತಿ ಬೇರೆ ಗೂಡಿಗೆ ಹಾಕುತ್ತಿದ್ದರು. ಆದ್ದರಿಂದ ಮೊಟ್ಟೆಯಿಂದ ಹಕ್ಕಿ ಬರುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹಕ್ಕಿಗಳು ಸೇತುವೆಯಾಚೆಯಿಂದ ಗಾಡಿಯಲ್ಲಿ, ಬುಟ್ಟಿಗಳಲ್ಲಿ ಬರುತ್ತಿದ್ದವು. ಹಕ್ಕಿ ಹುಟ್ಟುವುದೇ ಬುಟ್ಟಿಯಲ್ಲಿ ಎಂದು ಎಷ್ಟೋ ಜನ ತಿಳಿದಿದ್ದರು. ಒಂದು ವರ್ಷ ಗಾಡಿ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಏಕೆ ಎಂದು ಹೇಳಲಾರೆ, ಕಥೆಗೆ ಅದು ಬೇಕಾಗಿಯೂ ಇಲ್ಲ. ಊರಿನ ಹಕ್ಕಿಗಳು ಮುದಿಯಾದವು, ಒಂದೊಂದಾಗಿ ಹೋದವು. ಉಳಿದ ನಾಲ್ಕಾರು ಕೂಗುವುದನ್ನೂ ಬಿಟ್ಟವು. ಕೆರೆ ಸುಮ್ಮನಾಯಿತು. ಬೆಳಗು ಕೂಗಿಲ್ಲದೆ ಬರತೊಡಗಿತು. ಗಂಟೆ ಮಾತ್ರ ಮೊದಲಿನಂತೆ ಬಾರಿಸುತ್ತಿತ್ತು, ಅಷ್ಟೇ ಸದ್ದು.

ಆಗ ಆ ಇಬ್ಬರು ಹೆಂಗಸರು, ಕಾವು ಕೊಟ್ಟರೆ ಮೊಟ್ಟೆ ಮರಿಯಾಗುತ್ತದೆ ಎಂದು ಹಿಂದೆ ಗಾಡಿಯವನ ಬಾಯಲ್ಲಿ ಕೇಳಿದ್ದನ್ನು ನೆನೆದು, ಒಂದು ಪೆಟ್ಟಿಗೆ ಮಾಡಿದರು. ಬೇರೆ ಊರುಗಳಲ್ಲಿ ಇದಕ್ಕೆ ಇನ್‌ಕ್ಯುಬೇಟರ್ ಎನ್ನುತ್ತಾರೆ, ಅವರು ಕಾವುಪೆಟ್ಟಿಗೆ ಎಂದರು. ಮರದ ಪೆಟ್ಟಿಗೆ, ಒಳಗೋಡೆಗೆ ಹೊಟ್ಟು ತುಂಬಿದ ಬಟ್ಟೆ, ಮೂಲೆಯಲ್ಲಿ ಒಂದು ಬಲ್ಬು, ಬಲ್ಬಿನ ಕೆಳಗೆ ಒಂದು ಬಟ್ಟಲು ನೀರು. ನೀರು ಏಕೆಂದರೆ ಒಣ ಕಾವಿನಲ್ಲಿ ಮೊಟ್ಟೆಯ ಒಳಪೊರೆ ಗಟ್ಟಿಯಾಗುತ್ತದೆ. ಮುಚ್ಚಳಕ್ಕೆ ಒಂದು ಗಾಜಿನ ತುಂಡು, ಪಕ್ಕಕ್ಕೆ ಬಿಲ್ಲೆಯಗಲದ ಒಂದು ತೂತು. ಆ ತೂತಿನಿಂದ ಬರುವ ಬೆಳಕಿಗೆ ಮೊಟ್ಟೆ ಹಿಡಿದರೆ ಒಳಗಿನದು ಕಾಣುತ್ತಿತ್ತು. ಕಾವು ಸರಿಯಿದೆಯೇ ಎಂದು ತಿಳಿಯಲು ಹಿರಿಯಾಕೆ ಮೊಟ್ಟೆಯನ್ನು ತನ್ನ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದಳು. ರೆಪ್ಪೆಗೆ ತಣ್ಣಗೂ ಅನ್ನಿಸಬಾರದು, ಬಿಸಿಯೂ ಅನ್ನಿಸಬಾರದು. ಅನ್ನಿಸದೇ ಇರುವುದೇ ಸರಿಯಾದ ಕಾವು.

ಪ್ರತಿ ಮೊಟ್ಟೆಯ ಒಂದು ಬದಿಗೆ ಇದ್ದಿಲಿನಿಂದ ಗೆರೆ, ಇನ್ನೊಂದು ಬದಿಗೆ ಸೊನ್ನೆ. ಗಂಟೆ ಬಾರಿಸಿದಾಗ ಗೆರೆ ಕೆಳಗೆ, ಸೊನ್ನೆ ಮೇಲೆ. ಮತ್ತೆ ಬಾರಿಸಿದಾಗ ಸೊನ್ನೆ ಕೆಳಗೆ, ಗೆರೆ ಮೇಲೆ. ಈ ಕೆಲಸ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಬದುಕಿದ್ದೇ ಹಾಗೆ. ಬೆಳಕಿನ ತೂತಿನಲ್ಲಿ ಮೊಟ್ಟೆಯೊಳಗೆ ಕೆಂಪು ಬೇರುಗಳು ಕಂಡವು, ಬೇರುಗಳ ನಡುವೆ ಒಂದು ಚುಕ್ಕಿ ಮಿಡಿಯಿತು. ಊರೇ ಸಾಲುಗಟ್ಟಿ ಬಂದು ನೋಡಿತು.

"ನಮ್ಮ ನಿಯಮ ಮೊಟ್ಟೆಗೂ ಗೊತ್ತು, ನೋಡಿ" ಎಂದಳು ಪಕ್ಕದ ಮನೆಯಾಕೆ. ಅವಳು ಮಾತಿನ ಹೆಂಗಸು. ಗಂಟೆ ಬಾರಿಸಿದಾಗ ಅವಳ ಗಂಡ ಪಾತ್ರೆ ತೊಳೆಯಲು ಹೋಗುತ್ತಿದ್ದ, ಇವಳು ಜಗಲಿಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಆದರೆ ಆ ಮೊಟ್ಟೆಗಳು ಒಡೆಯಲಿಲ್ಲ. ಕಾದರು, ಇನ್ನೂ ಕಾದರು. ಕೊನೆಗೆ ಹಿರಿಯಾಕೆಯೇ ಬಿಡಿಸಿ ನೋಡಿದಳು. ಒಳಗೆ ಮರಿಗಳು ಪೂರ್ತಿಯಾಗಿದ್ದವು. ಪುಕ್ಕವಿತ್ತು, ಉಗುರಿತ್ತು, ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯುವ ಬಿಳಿ ಮೊನೆಯೂ ಇತ್ತು. ಜೀವ ಮಾತ್ರ ಇರಲಿಲ್ಲ. ಹಿರಿಯಾಕೆ ಅವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಡುವೆ ಗಂಟೆ ಬಾರಿಸಿತು. ಅವಳು ನಿಯಮದಂತೆ ಅಳು ನಿಲ್ಲಿಸಿ ಸಮಾಧಾನ ಹೇಳತೊಡಗಿದಳು, ಕಿರಿಯಾಕೆ ಅಳತೊಡಗಿದಳು.

"ನಾವು ಸರಿಯಾಗಿ ಹೊರಳಿಸಿಲ್ಲ ಕಣೆ" ಎಂದಳು ಹಿರಿಯಾಕೆ. "ಎಲ್ಲೋ ಒಂದು ಹೊತ್ತು ತಪ್ಪಿದೆ. ಮುಂದಿನ ಸಲ ಒಂದೂ ತಪ್ಪಬಾರದು."

ಕಿರಿಯಾಕೆ ಅಳುತ್ತಲೇ ಮರಿಗಳನ್ನು ನೋಡುತ್ತಿದ್ದಳು. ಒಂದೊಂದರ ಕೊಕ್ಕು ಒಂದೊಂದು ದಿಕ್ಕಿಗಿತ್ತು. ಒಂದು ಕಾಲಿನ ಕಡೆ, ಒಂದು ಬೆನ್ನಿನ ಕಡೆ. ದಾರಿ ತಪ್ಪಿದವರ ಹಾಗೆ. ಅದು ಅವಳ ಮನಸ್ಸಿನಲ್ಲಿ ಉಳಿಯಿತು.

ಊರಿನಲ್ಲಿ ಉಳಿದ ಒಂದು ಜೋಡಿ ಕೋಳಿ, ಒಂದು ಜೋಡಿ ಬಾತು ಕೊನೆಯದಾಗಿ ಒಂದಿಷ್ಟು ಮೊಟ್ಟೆ ಇಟ್ಟವು. ಆಮೇಲೆ ಇಡುವುದನ್ನು ನಿಲ್ಲಿಸಿದವು. ಅಂದರೆ ಇವು ಹೋದರೆ ಊರಿಗೆ ಹಕ್ಕಿಯೇ ಇಲ್ಲ. ಇಬ್ಬರೂ ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ, ಒಂದೇ ಗಂಟೆಗೆ ಪೆಟ್ಟಿಗೆಯಲ್ಲಿಟ್ಟರು. ಕೋಳಿಗೆ ಮೂರು ವಾರ ಬೇಕು, ಬಾತಿಗೆ ನಾಲ್ಕು. ಇದು ನಮಗೆ ಗೊತ್ತು. ಎಲ್ಲರಿಗೂ ಒಂದೇ ಗಂಟೆ ಇರುವ ಊರಿನಲ್ಲಿ ಒಂದಕ್ಕೆ ಬೇಗ, ಇನ್ನೊಂದಕ್ಕೆ ತಡ ಎಂಬ ಯೋಚನೆಯೇ ಯಾರಿಗೂ ಬರುವಂತಿರಲಿಲ್ಲ.

ಗೆರೆ ಕೆಳಗೆ, ಸೊನ್ನೆ ಮೇಲೆ. ಸೊನ್ನೆ ಕೆಳಗೆ, ಗೆರೆ ಮೇಲೆ. ಒಂದು ಹೊತ್ತೂ ತಪ್ಪಲಿಲ್ಲ.

ಮೂರನೆಯ ವಾರ ತುಂಬುತ್ತಿದ್ದಾಗ ಒಂದು ಮಧ್ಯಾಹ್ನ ಕಿರಿಯಾಕೆ ಕಂಬಳಿ ಹೊದ್ದು ಬೆಳಕಿನ ತೂತಿನ ಮುಂದೆ ಕೂತಿದ್ದಳು. ಕಂಬಳಿ ಏಕೆಂದರೆ ಹೊರಗಿನ ಬೆಳಕಿದ್ದರೆ ಒಳಗಿನದು ಕಾಣುವುದಿಲ್ಲ.

"ಅತ್ತೆ, ಬನ್ನಿ ಇಲ್ಲಿ. ಕಂಬಳಿ ಒಳಗೆ ಬನ್ನಿ."

"ಈ ಸೆಕೆಗೆ ಕಂಬಳೀನಾ? ನನ್ನನ್ನೂ ಮರಿ ಮಾಡ್ತೀಯೇನೆ?" ಎನ್ನುತ್ತಾ ಹಿರಿಯಾಕೆ ತಲೆ ತೂರಿಸಿದಳು.

ಕಿರಿಯಾಕೆ ಕೋಳಿಮೊಟ್ಟೆಯೊಂದನ್ನು ಬೆಳಕಿಗೆ ಹಿಡಿದಿದ್ದಳು. ಮೊಟ್ಟೆಯೆಲ್ಲ ಕಪ್ಪಾಗಿತ್ತು. ಅಗಲವಾದ ತುದಿಯಲ್ಲಿ ಮಾತ್ರ ಒಂದು ಖಾಲಿ ಕೋಣೆ ಹೊಳೆಯುತ್ತಿತ್ತು. ಆ ಕೋಣೆಯಲ್ಲಿ ಗಾಳಿ ಇರುತ್ತದೆ, ಮರಿಯ ಮೊದಲ ಉಸಿರು ಅಲ್ಲಿಯದೇ. ಕೋಣೆಯ ಅಂಚಿನಲ್ಲಿ ಒಂದು ಸಣ್ಣ ನೆರಳು ಎದ್ದು ಬಿದ್ದು ಮಾಡುತ್ತಿತ್ತು. ಕೊಕ್ಕು.

ಅಷ್ಟರಲ್ಲಿ ಗಂಟೆ ಬಾರಿಸಿತು. ಹಿರಿಯಾಕೆಯ ಕೈ ಅಭ್ಯಾಸದಿಂದ ತಾನಾಗಿಯೇ ಹೋಗಿ ಮೊಟ್ಟೆಯನ್ನು ಹೊರಳಿಸಿತು. ನೆರಳು ಜಾರಿ ಕೆಳಗೆ ಮಾಯವಾಯಿತು. ಇಬ್ಬರೂ ಉಸಿರು ಹಿಡಿದು ನೋಡಿದರು. ಬಹಳ ಹೊತ್ತಿನ ಮೇಲೆ ನೆರಳು ತಡಕಾಡುತ್ತಾ, ಅಲ್ಲಲ್ಲಿ ನಿಲ್ಲುತ್ತಾ, ಮತ್ತೆ ಕೋಣೆಯ ಅಂಚಿಗೆ ಬಂತು. ಈ ಸಲ ಅದರ ಚಲನೆ ಸೋತಿತ್ತು.

"ನೋಡಿದ್ರಾ?" ಎಂದಳು ಕಿರಿಯಾಕೆ. "ಇದು ತನ್ನ ಮಗ್ಗುಲು ತಾನೇ ಹಿಡಿದಿದೆ. ನಾವು ಕೆಡವ್ತಾ ಇದ್ದೀವಿ. ಹೋದ ಸಲವೂ ಕೆಡವಿದ್ವಿ. ಅದಕ್ಕೇ ಅವುಗಳ ಕೊಕ್ಕು ದಿಕ್ಕಾಪಾಲಾಗಿತ್ತು."

ಹಿರಿಯಾಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಆ ಕೈಯನ್ನು ಅವಳು ಸ್ವಲ್ಪ ಹೊತ್ತು ಹೊರಗೆ ತೆಗೆಯಲೇ ಇಲ್ಲ.

"ಹಾಗಾದ್ರೆ ಇನ್ನು ಹೊರಳಿಸೋದು ಬೇಡ" ಎಂದಳು ಕಿರಿಯಾಕೆ. "ಮುಚ್ಚಳವನ್ನೂ ತೆಗೆಯೋದು ಬೇಡ, ತೆಗೆದರೆ ಒಳಗಿನ ತೇವ ಹೋಗುತ್ತೆ. ನಾನು ಪೆಟ್ಟಿಗೆಯ ಪಕ್ಕ ಕೂರ್ತೀನಿ. ನಾನೂ ಏಳಲ್ಲ."

"ಗಂಟೆಗೂ?"

"ಗಂಟೆಗೂ."

"ಸೇತುವೆ ದಾಟಿಸ್ತಾರೆ ಕಣೆ."

ಇದು ನಿಜ. ಮಗ್ಗುಲು ಬದಲಿಸದವರಿಗೆ ಮೊದಲ ದಿನ ನೆರೆಯವರು ಹೇಳುತ್ತಿದ್ದರು. ಎರಡನೆಯ ದಿನ ಗಂಟೆಯಯ್ಯನೇ ಬಂದು ಹೇಳುತ್ತಿದ್ದ. ಗಂಟೆಯಯ್ಯ ಎಂದರೆ ಗೋಪುರದಲ್ಲಿ ಗಂಟೆ ಬಾರಿಸುವವನು. ಮೂರನೆಯ ದಿನದ ಸಂಜೆಯ ಗಂಟೆಗೂ ಏಳದಿದ್ದರೆ ಅವರು ಸೇತುವೆ ದಾಟಬೇಕಾಗಿತ್ತು. ದಾಟಿದವರು ಮರಳಿ ಬರುವಂತಿರಲಿಲ್ಲ.

"ನೀನು ಏಳು, ಪೆಟ್ಟಿಗೆಗೆ ಏನೂ ಆಗಲ್ಲ" ಎಂದಳು ಹಿರಿಯಾಕೆ.

"ನಾನು ಎದ್ದರೆ ಆ ಜಾಗಕ್ಕೆ ನೀವು ಬರ್ತೀರಿ. ಗಂಟೆ ಕೇಳಿದ್ರೆ ನಿಮ್ಮ ಕೈ ನಿಮ್ಮ ಮಾತು ಕೇಳಲ್ಲ. ಈಗ ತಾನೇ ನೋಡಿದ್ವಲ್ಲ."

ಆಮೇಲೆ ಅವರು ಬಾತುಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಕೋಣೆಯ ಅಂಚಿನಲ್ಲಿ ಯಾವ ನೆರಳೂ ಇರಲಿಲ್ಲ. ಅವು ಇನ್ನೂ ಸಣ್ಣವು, ಇನ್ನೂ ಮಗ್ಗುಲು ಹಿಡಿದಿರಲಿಲ್ಲ. ಅವಕ್ಕೆ ಇನ್ನೂ ಗಂಟೆ ಬೇಕಾಗಿತ್ತು. ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕೆ ಗಂಟೆ ಜೀವ, ಇನ್ನೊಂದಕ್ಕೆ ಗಂಟೆ ಸಾವು.

ಹಿರಿಯಾಕೆ ಹಳೆಯ ಹತ್ತಿ ಸೀರೆಯೊಂದನ್ನು ಸೊಂಟಕ್ಕೆ ಬಿಗಿದು ಸುತ್ತಿಕೊಂಡಳು, ಹೊಟ್ಟೆಯ ಮುಂದೆ ಮಡಿಲು ಮಾಡಿದಳು, ಬಾತುಮೊಟ್ಟೆಗಳನ್ನು ಒಂದೊಂದಾಗಿ ಅದರಲ್ಲಿ ಇಳಿಸಿದಳು. "ನಿನ್ನವು ನಿನ್ನ ಹತ್ರ ಇರಲಿ. ನನ್ನವು ನನ್ನ ಹತ್ರ" ಎಂದಳು.

ನನಗೆ ಅವಳನ್ನು ನೆನೆದಾಗಲೆಲ್ಲ ಆ ಮಡಿಲೇ ಕಣ್ಣಿಗೆ ಬರುತ್ತದೆ. ಅವಳು ಬಾಗಲಿಲ್ಲ, ಮಲಗಲಿಲ್ಲ, ಒಲೆಯ ಬಿಸಿ ತಾಗುವಷ್ಟು ಹತ್ತಿರ ಗೋಡೆಗೊರಗಿ ಕೂತೇ ಕಣ್ಣು ಮುಚ್ಚಿದಳು. ಗಂಟೆ ಬಾರಿಸಿದಾಗ ಒದ್ದೆ ಕೈಯಿಂದ ಒಂದೊಂದನ್ನೂ ಸವರಿ ಹೊರಳಿಸಿದಳು. ಒದ್ದೆ ಕೈ ಏಕೆಂದರೆ ಬಾತು ಕೆರೆಯಿಂದ ಮೈ ನೆನೆಸಿಕೊಂಡೇ ಗೂಡಿಗೆ ಬರುತ್ತದೆ, ಅದರ ಮೊಟ್ಟೆಗೆ ಆ ತೇವ ಬೇಕು. ಹೊರಳಿಸುತ್ತಾ ಅವುಗಳ ಜೊತೆ ಮಾತಾಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತು, ಮಗ ಇನ್ನೂ ಊಟಕ್ಕೆ ಬಂದಿಲ್ಲ, ಇಂಥ ಮಾತು.

ಇನ್ನೊಂದು ಕೋಣೆಯಲ್ಲಿ ಕಿರಿಯಾಕೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ಗಂಟೆ ಬಾರಿಸಿತು, ಅವಳು ಏಳಲಿಲ್ಲ.

ಮೊದಲ ದಿನ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತಳು.

"ಏನಮ್ಮಾ ಇದು? ಗಂಟೆ ಬಾರಿಸಿದಾಗ ನೀನು ಸೊಸೆಯಾಗಿ ಕೂತಿದ್ದೆ. ನಿಯಮದ ಪ್ರಕಾರ ಅವರೂ ಸೊಸೆಯಾದ್ರು. ನೀನು ಏಳಲೂ ಇಲ್ಲ. ಈಗ ಮನೇಲಿ ಇಬ್ಬರು ಸೊಸೆಯರು, ಅತ್ತೆಯೇ ಇಲ್ಲ!" ಎಂದಳು. ಆಮೇಲೆ ದನಿ ತಗ್ಗಿಸಿ, "ಅತ್ತೆ ಇಲ್ಲದ ಮನೆ ಅಂದ್ರೆ ಹೇಗಿರುತ್ತೆ? ನಾನೂ ಬಂದು ಒಂದೆರಡು ದಿನ ಇರ್ಲಾ?" ಎಂದಳು.

"ಬಾರಮ್ಮ" ಎಂದಳು ಹಿರಿಯಾಕೆ ಒಲೆಯ ಪಕ್ಕದಿಂದ. "ಬರುವಾಗ ಸೌದೆ ತಗೊಂಡು ಬಾ. ಬಾಗೋಕೆ ಆಗಲ್ಲ ನನಗೆ."

ಪಕ್ಕದ ಮನೆಯಾಕೆ ಸೌದೆ ತಂದಳು. ನಗುತ್ತಲೇ ತಂದಳು, ಹೋಗುವಾಗ ನಗುತ್ತಿರಲಿಲ್ಲ. "ಎದ್ದುಬಿಡು ತಾಯಿ. ಮೊಟ್ಟೆಗೋಸ್ಕರ ಊರು ಬಿಡ್ತಾರಾ?" ಎಂದಳು.

ಎರಡನೆಯ ದಿನ ಗಂಟೆಯಯ್ಯ ಬಂದು ಹೊಸ್ತಿಲಾಚೆಯೇ ನಿಂತು ಹೇಳಬೇಕಾದ್ದನ್ನು ಹೇಳಿ ಹೋದ. ಮೂರನೆಯ ದಿನ ಇಳಿಹೊತ್ತಿನಲ್ಲಿ ಮತ್ತೆ ಬಂದ. ಆ ದಿನ ಅವನು ಬರಬೇಕೆಂಬ ನಿಯಮವಿರಲಿಲ್ಲ. ಆದರೂ ಬಂದ, ಒಳಗೂ ಬಂದ. ಅವನ ಬಲತೋಳು ಎಡದಕ್ಕಿಂತ ಉದ್ದವಾಗಿತ್ತು. ಕುತ್ತಿಗೆ ಒಂದೇ ಕಡೆಗೆ, ಹಗ್ಗದ ಕಡೆಗೆ, ತಿರುಗಿ ನಿಂತುಬಿಟ್ಟಿತ್ತು. ಇನ್ನೊಂದು ಕಡೆ ನೋಡಬೇಕಾದರೆ ಅವನು ಇಡೀ ದೇಹವನ್ನೇ ತಿರುಗಿಸಬೇಕಾಗಿತ್ತು.

"ನೋಡು ಮಗಳೇ" ಎಂದ. "ಇನ್ನು ಸ್ವಲ್ಪ ಹೊತ್ತಿಗೆ ನಾನು ಮೇಲೆ ಹತ್ತಬೇಕು. ಬಾರಿಸಿದ ಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ. ಈಗಲೇ ಎದ್ದು ನಿಂತಿರು. ಒಂದು ಹೆಜ್ಜೆ ಆಚೆ ಇಡು, ಸಾಕು."

"ಒಂದು ಮಾತು ಕೇಳ್ಲಾ, ಗಂಟೆಯಯ್ಯ? ನೀವು ಯಾವಾಗ ಮಗ್ಗುಲು ಬದಲಿಸ್ತೀರಿ?"

ಅವನು ಇಡೀ ದೇಹವನ್ನು ತಿರುಗಿಸಿ ಅವಳನ್ನು ನೋಡಿದ.

"ಇಷ್ಟು ವರ್ಷ ಯಾರೂ ಕೇಳಿರಲಿಲ್ಲ" ಎಂದ. "ಬಾರಿಸುವವನು ಎದ್ದು ಹೋದರೆ ಬಾರಿಸೋರು ಯಾರು? ನೀವೆಲ್ಲ ಮೂರು ಹೊತ್ತೂ ಹೊಸಬರಾಗ್ತೀರಿ. ನಾನು ಮೇಲಿಂದ ನೋಡ್ತೀನಿ. ನನಗೆ ಕಾಣೋದೂ ಸೇತುವೆಯ ಕಡೆಯದು ಮಾತ್ರ."

ಆಗ ಪೆಟ್ಟಿಗೆಯೊಳಗೆ ಯಾರೋ ತಟ್ಟಿದರು.

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ಆಮೇಲೆ ಮುಚ್ಚಿದ ಚಿಪ್ಪಿನೊಳಗಿಂದ ಒಂದು ಕೀಚಲು ದನಿ. ಇನ್ನೊಂದು ಮೊಟ್ಟೆ ಅದಕ್ಕೆ ಉತ್ತರ ಕೊಟ್ಟಿತು.

"ಯಾರು ಬಾರಿಸ್ತಿರೋದು?" ಎಂದ ಗಂಟೆಯಯ್ಯ.

"ಒಳಗಿನವರು" ಎಂದಳು ಕಿರಿಯಾಕೆ.

ಅವನು ಮೊಣಕಾಲೂರಿ ಪೆಟ್ಟಿಗೆಗೆ ಕಿವಿಯಿಟ್ಟ. ಗಾಜಿನಲ್ಲಿ ನೋಡಿದ. ಮೊಟ್ಟೆಯ ಅಗಲವಾದ ತುದಿಯಲ್ಲಿ ನಕ್ಷತ್ರದ ಹಾಗೆ ಒಂದು ಬಿರುಕು. ಅವನು ಅಲ್ಲಿಂದ ಕದಲಲಿಲ್ಲ. ಹೊರಗೆ ಬಿಸಿಲು ಹಳದಿಯಾಯಿತು, ಕೆಂಪಾಯಿತು.

ಊರಿನಲ್ಲಿ ಎಲ್ಲರೂ ಸಂಜೆಯ ಗಂಟೆಗೆ ಕಾಯುತ್ತಿದ್ದರು. ಅಂಗಡಿಯವನು ಒಂದು ಕಾಲು ಹೊಸ್ತಿಲ ಹೊರಗಿಟ್ಟು ನಿಂತಿದ್ದ. ನ್ಯಾಯ ಹೇಳುವವನು ಅರ್ಧ ಎದ್ದಿದ್ದ. ಪಕ್ಕದ ಮನೆಯಾಕೆಯ ಗಂಡ ಪಾತ್ರೆ ಮೇಲೆತ್ತಿ ಹಿಡಿದಿದ್ದ. ಗಂಟೆ ಬಾರಿಸಲಿಲ್ಲ. ಬಾರಿಸದಿದ್ದರೆ ಏನು ಮಾಡಬೇಕೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ನಿಂತರು, ಆಮೇಲೆ ಹುಡುಕುತ್ತಾ ಹೊರಟರು, ಕೊನೆಗೆ ಒಬ್ಬೊಬ್ಬರಾಗಿ ಆ ಮನೆಗೆ ಬಂದು ಪೆಟ್ಟಿಗೆಯ ಸುತ್ತ ನಿಂತರು. ಕಿರಿಯಾಕೆಯ ಗಂಡನೂ ಮೈತುಂಬ ಮಣ್ಣಿನೊಂದಿಗೆ ಬಂದ. "ನನ್ನನ್ನು ಯಜಮಾನ ಅಂತ ಬಿಟ್ಟು ಎಲ್ಲರೂ ಇಲ್ಲಿಗೆ ಬಂದುಬಿಟ್ರು" ಎಂದ.

ಬಿರುಕು ತೂತಾಯಿತು. ತೂತಿನಲ್ಲಿ ಕೊಕ್ಕು ಕಂಡಿತು. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ.

"ಪಾಪ, ಸುಸ್ತಾಗಿದೆ. ಸ್ವಲ್ಪ ಬಿಡಿಸಿ ಕೊಡೋಣ" ಎಂದು ಪಕ್ಕದ ಮನೆಯಾಕೆ ಮುಚ್ಚಳಕ್ಕೆ ಕೈ ಹಾಕಿದಳು. ಕಿರಿಯಾಕೆ ಅವಳ ಕೈಯನ್ನು ಹಿಡಿದುಕೊಂಡಳು, ಹಿಡಿದೇ ಇದ್ದಳು.

ಆಗ ಮರಿ ಕೆಲಸ ಶುರು ಮಾಡಿತು. ಚಿಪ್ಪಿಗೆ ಒಂದು ಪೆಟ್ಟು ಕೊಟ್ಟಿತು, ಕಾಲೂರಿ ಒಳಗೇ ಒಂದಿಷ್ಟು ಸರಿಯಿತು. ಇನ್ನೊಂದು ಪೆಟ್ಟು, ಇನ್ನಷ್ಟು ಸರಿಯಿತು. ಬಿರುಕು ಅದರ ಜೊತೆಯಲ್ಲೇ ಸುತ್ತಿಕೊಂಡು ಹೋಯಿತು. ಅಂದರೆ ಮರಿ ಚಿಪ್ಪಿನೊಳಗೆ ನಿಧಾನವಾಗಿ ಒಂದು ಸುತ್ತು ತಿರುಗುತ್ತಾ, ಮೊಟ್ಟೆಯ ತಲೆಯನ್ನು ಮುಚ್ಚಳದ ಹಾಗೆ ಕತ್ತರಿಸುತ್ತಿತ್ತು.

"ಹೊರಳ್ತಾ ಇದೆ" ಎಂದ ಗಂಟೆಯಯ್ಯ. "ನೋಡ್ರಪ್ಪ, ಹೊರಳ್ತಾ ಇದೆ. ಯಾರೂ ಹೊರಳಿಸ್ತಿಲ್ಲ."

ಚಿಪ್ಪಿನ ಮುಚ್ಚಳ ಬಿದ್ದಿತು. ಒದ್ದೆಯಾದ, ಕುರೂಪವಾದ, ಉಸಿರಾಡುವ ಒಂದು ಮುದ್ದೆ ಹೊರಗೆ ಜಾರಿ ಗಾಜಿನ ಕಡೆ ಮುಖವೆತ್ತಿತು. ಮೊಟ್ಟೆಯಿಂದ ಹಕ್ಕಿ ಬರುವುದನ್ನು ಆ ಊರು ಮೊದಲ ಸಲ ಕಂಡಿತು. ಅದರ ದನಿ ಕೇಳಿ ಪಕ್ಕದ ಮೊಟ್ಟೆಯೂ ಬಿರುಕು ಬಿಟ್ಟಿತು, ಅದರ ಪಕ್ಕದ್ದೂ.

ನ್ಯಾಯ ಹೇಳುವವನು ಗಂಟಲು ಸರಿಮಾಡಿಕೊಂಡ. "ಮೂರನೆಯ ದಿನದ ಸಂಜೆಯ ಗಂಟೆಗೆ ಈಕೆ ಏಳಲಿಲ್ಲ..." ಎಂದು ಶುರುಮಾಡಿದ.

"ಯಾವ ಗಂಟೆ?" ಎಂದಳು ಪಕ್ಕದ ಮನೆಯಾಕೆ. "ನಿಮಗೇನಾದ್ರೂ ಕೇಳಿಸ್ತಾ?"

ಅವನಿಗೆ ಕೇಳಿಸಿರಲಿಲ್ಲ. ಯಾರಿಗೂ ಕೇಳಿಸಿರಲಿಲ್ಲ. ಬಾರಿಸದ ಗಂಟೆಗೆ ಏಳದಿದ್ದದ್ದು ತಪ್ಪಾಗುವುದಿಲ್ಲ. ಅವನು ಮತ್ತೆ ಮರಿಗಳನ್ನು ನೋಡತೊಡಗಿದ.

ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಲೆಯ ಪಕ್ಕದಿಂದ ಹಿರಿಯಾಕೆ ಕೂಗಿದಳು.

"ನಿಮ್ಮ ಸಂಭ್ರಮ ಆಮೇಲೆ! ಗಂಟೆ ಬಾರಿಸ್ರಪ್ಪಾ ಯಾರಾದ್ರೂ! ನನ್ನ ಬಾತುಗಳಿಗೆ ಹೊತ್ತು ಮೀರ್ತಾ ಇದೆ!"

ಎಲ್ಲರೂ ಗಂಟೆಯಯ್ಯನ ಕಡೆ ನೋಡಿದರು. ಅವನು ಮೊಣಕಾಲೂರಿದಲ್ಲಿಂದ ಏಳಲಿಲ್ಲ. ಆಗ ಪಕ್ಕದ ಮನೆಯಾಕೆ ಸೀರೆ ಎತ್ತಿ ಕಟ್ಟಿ ಓಡಿದಳು, ಗೋಪುರ ಹತ್ತಿದಳು, ಹಗ್ಗಕ್ಕೆ ಜೋತುಬಿದ್ದಳು. ಗಂಟೆ ಸೊಟ್ಟಸೊಟ್ಟಾಗಿ, ತಡವಾಗಿ ಬಾರಿಸಿತು. ಹಿರಿಯಾಕೆ ಕೈ ಒದ್ದೆ ಮಾಡಿಕೊಂಡು ಮಡಿಲಿನ ಮೊಟ್ಟೆಗಳನ್ನು ಹೊರಳಿಸಿದಳು. ಊರಿನವರು ಅಲ್ಲಲ್ಲೇ ಸ್ಥಳ ಬದಲಿಸಿದರು. ಗಂಟೆಯಯ್ಯ ಆ ಗಂಟೆಯನ್ನು ಜೀವನದಲ್ಲಿ ಮೊದಲ ಸಲ ಕೆಳಗಿನಿಂದ ಕೇಳಿದ. ಅವನು ಎದ್ದು, ಪೆಟ್ಟಿಗೆಗೆ ಸುತ್ತುಹಾಕಿ ಹೋಗಿ, ಎದುರು ಬದಿಯಲ್ಲಿ ಕೂತ. ಅಲ್ಲಿಂದ ಕಿಟಕಿಯಲ್ಲಿ ಕೆರೆ ಕಾಣುತ್ತಿತ್ತು. ಕಿರಿಯಾಕೆ ಮಾತ್ರ ಕೂತಲ್ಲೇ ಇದ್ದಳು. ಈ ಸಲ ಗಂಟೆ ಬಾರಿಸಿತ್ತು, ಎಲ್ಲರಿಗೂ ಕೇಳಿಸಿತ್ತು. ಆದರೂ ಯಾರೂ ಏನೂ ಅನ್ನಲಿಲ್ಲ.

ಕೋಳಿಮರಿಗಳು ಒಣಗಿ ಹತ್ತಿಯ ಉಂಡೆಗಳಂತಾಗಿ ಬುಟ್ಟಿಗೆ ಹೋದ ಮೇಲೆ ಬಾತುಮೊಟ್ಟೆಗಳು ಮತ್ತೆ ಪೆಟ್ಟಿಗೆ ಸೇರಿದವು. ಅವಕ್ಕೂ ಹೊತ್ತು ಬಂತು, ಅವೂ ಮಗ್ಗುಲು ಹಿಡಿದವು. ಆ ದಿನಗಳಲ್ಲಿ ಹಿರಿಯಾಕೆ ತನ್ನ ಕೈಯನ್ನು ತಾನೇ ಸೆರಗಿನಿಂದ ಕಟ್ಟಿಕೊಂಡು ಕೂತಳು. ಚಿಪ್ಪು ಬಿಟ್ಟ ಬಾತುಮರಿಗಳು ಬೇರೆ ಯಾರ ದನಿಗೂ ತಿರುಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವಳು ಹೇಳಿದರೆ ಸಾಲುಗಟ್ಟಿ ಬರುತ್ತಿದ್ದವು.

ಆ ಊರಿನಲ್ಲಿ ಈಗಲೂ ಮೂರು ಹೊತ್ತು ಗಂಟೆ ಬಾರಿಸುತ್ತದೆ. ಬಾರಿಸುವ ಕೈ ಮಾತ್ರ ಪ್ರತಿ ಸಲ ಬೇರೆ. ಅಂಗಡಿಯವನು ಗಿರಾಕಿಯಾಗುತ್ತಾನೆ, ಅತ್ತೆ ಸೊಸೆಯಾಗುತ್ತಾಳೆ. ಆ ನಿಯಮವನ್ನು ಯಾರೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಬಾತುಮರಿಗಳಿಗೆ ರೆಕ್ಕೆ ಬಲಿತ ಮೇಲೆ ಒಂದು ಸಂಜೆ ಹಿರಿಯಾಕೆ ಅವನ್ನು ಕೆರೆಗೆ ಕರೆದುಕೊಂಡು ಹೋದಳು. ಮೊಣಕಾಲುದ್ದದ ನೀರಿನಲ್ಲಿ ನಿಂತಳು. ಬಾತುಗಳು ಅವಳ ಸುತ್ತ ಸುತ್ತು ಹಾಕತೊಡಗಿದವು. ದಡದಲ್ಲಿ ಕಿರಿಯಾಕೆ ಇದ್ದಳು, ಕಾಲು ತೊಳೆಯುತ್ತಾ ಗಂಟೆಯಯ್ಯನೂ ಇದ್ದ. ಅವನ ಕುತ್ತಿಗೆ ಈಗ ಸ್ವಲ್ಪ ಸ್ವಲ್ಪ ಎರಡೂ ಕಡೆ ತಿರುಗುತ್ತಿತ್ತು.

ಗಂಟೆ ಬಾರಿಸಿತು. ಕಿರಿಯಾಕೆ ಬಲ ಸೊಂಟದ ಕೊಡವನ್ನು ಎಡಕ್ಕೆ ತಂದುಕೊಂಡಳು. ಹಿರಿಯಾಕೆ ಕದಲಲಿಲ್ಲ.

"ಅಯ್ಯೋ, ಅವರಿಗೆ ಕೇಳಿಸಿಲ್ಲ" ಎಂದು ಕಿರಿಯಾಕೆ ಕರೆಯಲು ಬಾಯಿ ತೆರೆದಳು.

"ಕೇಳಿಸಿದೆ" ಎಂದ ಗಂಟೆಯಯ್ಯ. "ಇರಲಿ ಬಿಡು."